ಮಳೆ ಊರಲ್ಲಿ ಬ್ರೇಕಿನ ಡಸ್ಟ್ ಕವರ್ ಕಿತ್ತು ಬಿಸಾಕ್ಬೇಡಿ

ಹಳೇ ಕಾರು ಇಟ್ಕೊಂಡಿರೋರಿಗೆಲ್ಲ ಗ್ಯಾರೇಜಲ್ಲಿ ಒಂದಲ್ಲ ಒಂದಿನ ಈ ಮಾತು ಕೇಳಿರುತ್ತೆ, "ಸಾರ್, ಡಸ್ಟ್ ಕವರ್ ತುಕ್ಕು ಹಿಡ್ದು ಡಿಸ್ಕಿಗೆ ತಾಗ್ತಾ ಇದೆ, ಕಿತ್ತು ಹಾಕ್ಬಿಡ್ಲಾ? ಅದಿಲ್ದಿದ್ರೂ ಏನೂ ಆಗಲ್ಲ." ಸುಮಾರು ಜನ ಹೂಂ ಅಂದು ಬರ್ತಾರೆ. ತಗಡು ಕತ್ತರಿಲಿ ಎರಡು ನಿಮಿಷಕ್ಕೆ ಕತ್ತರಿಸಿ ಗುಜರಿ ರಾಶಿಗೆ ಎಸೀತಾರೆ, ಸೌಂಡೂ ನಿಲ್ಲುತ್ತೆ, ದುಡ್ಡೂ ಉಳೀತು ಅಂತ ಎಲ್ರಿಗೂ ಖುಷಿ. ನನಗೆ ಇದು ಒಂಚೂರೂ ಸರಿ ಕಾಣಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಗೊತ್ತಿಲ್ದೋರಿಗೆ ಹೇಳ್ಬೇಕಂದ್ರೆ, ಮುಂದಿನ ಚಕ್ರದ ಜೊತೆ ತಿರುಗೋ ಬ್ರೇಕ್ ಡಿಸ್ಕ್ ಹಿಂದೆ, ಅಂದ್ರೆ ಇಂಜಿನ್ ಕಡೆಗೆ, ತೆಳು ತಗಡಿನ ಒಂದು ತಟ್ಟೆ ಇರುತ್ತೆ, ಅದೇ ಡಸ್ಟ್ ಕವರ್. ಸ್ಟೀರಿಂಗ್ ನಕಲ್‌ಗೆ, ಅಂದ್ರೆ ಚಕ್ರ ಹಿಡ್ಕೊಂಡಿರೋ ಲೋಹದ ಭಾಗಕ್ಕೆ, ಚಿಕ್ಕ ಬೋಲ್ಟಲ್ಲಿ ಕೂತಿರುತ್ತೆ, ಕ್ಯಾಲಿಪರ್ (ಡಿಸ್ಕನ್ನ ಎರಡೂ ಕಡೆಯಿಂದ ಪ್ಯಾಡಲ್ಲಿ ಒತ್ತಿ ಹಿಡಿಯೋ ಭಾಗ) ಇರೋ ಕಡೆ ಮಾತ್ರ ಓಪನ್. ಡಿಸ್ಕಿನ ಹೊರಮುಖಕ್ಕೆ ವೀಲ್ ಅಡ್ಡ ಇದೆ, ಒಳಮುಖಕ್ಕೆ ಈ ತಗಡು ಬಿಟ್ರೆ ಬೇರೆ ಗತಿ ಇಲ್ಲ. ರಸ್ತೆಯಿಂದ ಚಿಮ್ಮೋ ನೀರು, ಕೆಸರು, ಜಲ್ಲಿ ಚೂರು ನೇರ ಡಿಸ್ಕಿಗೆ ಹೊಡೀದೆ ಇರಲಿ ಅಂತಾನೇ ಅದನ್ನ ಇಟ್ಟಿರೋದು. ಒಂದೊಂದು ಗ್ರಾಮು, ಒಂದೊಂದು ಪೈಸೆ ಲೆಕ್ಕ ಹಾಕೋ ಕಾರ್ ಕಂಪನಿಯೋರು ಸುಮ್ಸುಮ್ನೆ ತಗಡು ಬಡಿದು ಕಳಿಸ್ತಾರಾ ಹೇಳಿ.

ನನ್ನದು ಮಾರುತಿ ಝೆನ್. 1993ರಲ್ಲಿ ಬಂದು 2006ಕ್ಕೆ ನಿಂತೋದ ಗಾಡಿ, ಮುಂದೆ ಡಿಸ್ಕು ಹಿಂದೆ ಡ್ರಮ್ಮು. ನಾವಿರೋದು ತೀರ್ಥಹಳ್ಳಿ ಕಡೆ, ಜೂನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಒಣಗೋದೇ ಅಪರೂಪ. ಇಂಥ ಕಡೆ ಡಿಸ್ಕಿನ ಒಳಮುಖಕ್ಕೆ ಸದಾ ನೀರು ಎರಚ್ತಾ ಇದ್ರೆ ಬ್ರೇಕ್ ಒತ್ತಿದ ಕೂಡ್ಲೆ ಹಿಡಿಯಲ್ಲ, ಪ್ಯಾಡು ಮೊದಲು ಆ ನೀರಿನ ಪದರ ಒರೆಸಿ ಆಮೇಲೆ ಕಚ್ಬೇಕು. ಒಂದು ಕ್ಷಣದ ವಿಷಯ ಅನ್ನಿಸ್ಬಹುದು, ಆದ್ರೆ ಮುಂದೆ ಶಾಲೆ ಮಗು ಛತ್ರಿ ಹಿಡ್ಕಂಡು ರಸ್ತೆ ದಾಟ್ತಿದ್ರೆ ಆ ಒಂದು ಕ್ಷಣವೇ ಎಲ್ಲ. ಅದೂ ಒಂದು ಕಡೆ ಕವರ್ ಇದ್ದು ಇನ್ನೊಂದು ಕಡೆ ಇಲ್ದಿದ್ರೆ ಒಂದು ಚಕ್ರ ಮೊದಲು ಹಿಡಿದು ಗಾಡಿ ಒಂದು ಪಕ್ಕ ಎಳೀಬಹುದು. ಹಾಗಂತ ಮೊಣಕಾಲುದ್ದ ನೀರಲ್ಲಿ ಗಾಡಿ ಇಳಿಸಿದ್ರೆ ಯಾವ ಕವರೂ ಕಾಪಾಡಲ್ಲ, ನೀರು ದಾಟಿದ ಮೇಲೆ ನಿಧಾನಕ್ಕೆ ಹೋಗ್ತಾ ಬ್ರೇಕ್ ಲೈಟಾಗಿ ಒತ್ತಿ ಒಣಗಿಸ್ಕೋಬೇಕು ಅಷ್ಟೆ.

ಇನ್ನೊಂದು ಉಪಯೋಗನ ಯಾರೂ ಹೇಳೋದೇ ಇಲ್ಲ, ಬಿಸಿ. ಡಿಸ್ಕ್ ಪಕ್ಕದಲ್ಲೇ ಸಸ್ಪೆನ್ಷನ್ನಿನ ಬಾಲ್ ಜಾಯಿಂಟು, ಸ್ಟೀರಿಂಗಿನ ಟೈರಾಡ್ ಎಂಡು ಅನ್ನೋ ಕೀಲುಗಳ ರಬ್ಬರ್ ಬೂಟು, ಅಂದ್ರೆ ಗ್ರೀಸ್ ಕಾಯೋ ಹೊದಿಕೆ, ಇರುತ್ತೆ. ಘಾಟಿ ಇಳೀವಾಗ ಡಿಸ್ಕು 300 ಡಿಗ್ರಿ ದಾಟೋದು ದೊಡ್ಡ ಮಾತಲ್ಲ, ಆ ಝಳ ನೇರ ರಬ್ಬರಿಗೆ ಬಡಿದ್ರೆ ಅದು ಒಣಗಿ ಬಿರುಕು ಬಿಟ್ಟು, ಗ್ರೀಸ್ ಹೊರಗೆ ಬಂದು, ಮಣ್ಣು ಒಳಗೆ ಹೋಗಿ, ಆಮೇಲೆ ಬಾಲ್ ಜಾಯಿಂಟೇ ಬದಲಾಯಿಸೋ ಖರ್ಚು. ತಗಡು ಅಡ್ಡ ಇದ್ರೆ ಆ ಝಳ ಎಷ್ಟೋ ಕಮ್ಮಿ.

"ಕವರ್ ತೆಗೆದ್ರೆ ಗಾಳಿ ಆಡಿ ಬ್ರೇಕ್ ತಣ್ಣಗಿರುತ್ತೆ, ರೇಸ್ ಕಾರಲ್ಲಿ ಇರಲ್ಲ ನೋಡಿ" ಅನ್ನೋ ವಾದವೂ ಇದೆ. ರೇಸ್ ಕಾರಲ್ಲಿ ಅದನ್ನ ತೆಗೆದು ಆ ಜಾಗಕ್ಕೆ ಪೈಪಲ್ಲಿ ಗಾಳಿ ತಂದು ಡಿಸ್ಕಿಗೆ ಬಿಡ್ತಾರೆ, ಪ್ಯಾಡು ಆಯಿಲ್ಲು ಎಲ್ಲ ಬೇರೆ, ದಿನಕ್ಕೊಂದು ಸಲ ಬಿಚ್ಚಿ ನೋಡೋಕೆ ಜನ ಇರ್ತಾರೆ. ನಾವು ಆಗುಂಬೆ ಘಾಟಿಯ 14 ತಿರುವು ಇಳಿದು ಸೋಮೇಶ್ವರ ಸೇರೋ ಜನ. ಅಲ್ಲಿ ಬ್ರೇಕ್ ಪೆಡಲ್ ಮೆತ್ತಗಾದ್ರೆ ಮೊದಲು ಬ್ರೇಕ್ ಆಯಿಲ್ ನೋಡ್ಬೇಕು, ಅದು ಬಿಸಿಗೆ ಕುದ್ದು ಗುಳ್ಳೆ ಎದ್ರೆ ಪೆಡಲ್ ಮೆತ್ತಗಾಗುತ್ತೆ. ಹೊಸ ಡಾಟ್ 3 (ಬ್ರೇಕ್ ಆಯಿಲ್ಲಿನ ಒಂದು ಗ್ರೇಡು) ಆಯಿಲ್ಲು ಕುದಿಯೋದು ಕಮ್ಮಿ ಅಂದ್ರೂ 205 ಡಿಗ್ರಿಗೆ, ಅದೇ ಆಯಿಲ್ಲು ವರ್ಷಗಟ್ಟಲೆ ಗಾಳಿಯ ತೇವ ಹೀರಿದ್ರೆ 140ರ ಆಸುಪಾಸಲ್ಲೇ ಕುದಿಯೋಕೆ ಶುರು. ಎರಡು ವರ್ಷಕ್ಕೊಂದು ಸಲ ಆಯಿಲ್ ಬದಲಾಯಿಸಿ, ಇಳಿಜಾರಲ್ಲಿ ಸೆಕೆಂಡ್ ಗೇರಲ್ಲಿ ಬನ್ನಿ, ತಗಡಿನ ಮೇಲೆ ಕೋಪ ಬೇಡ.

ಹಂಗಂತ ಮೆಕ್ಯಾನಿಕ್‌ಗಳನ್ನ ಬೈಯೋಕೆ ನನಗೆ ಮನಸ್ಸಿಲ್ಲ, ಅವರ ಕಷ್ಟ ನಿಜ. ಹೊಸ ಕವರ್ ಹಾಕ್ಬೇಕಂದ್ರೆ ನಮ್ಮ ಹಳೇ ಚಿಕ್ಕ ಕಾರುಗಳಲ್ಲಿ ಬಹುತೇಕ ಹಬ್ಬೇ, ಅಂದ್ರೆ ಚಕ್ರ ಕೂರೋ ನಡು ಭಾಗವೇ, ಹೊರಗೆ ಬರ್ಬೇಕು. ಹಬ್ ಎಳೆದ್ರೆ ಬೇರಿಂಗ್ ಹೋಗುತ್ತೆ, ಹೊಸ ಬೇರಿಂಗ್ ಪ್ರೆಸ್ಸಲ್ಲಿ ಕೂರಿಸ್ಬೇಕು, ತುಕ್ಕು ಹಿಡಿದ ಚಿಕ್ಕ ಬೋಲ್ಟು ತಲೆ ಕಟ್ ಆದ್ರೆ ಡ್ರಿಲ್ ಹೊಡೀಬೇಕು. ಅಗ್ಗದ ತಗಡಿಗೆ ಅರ್ಧ ದಿನದ ಕೆಲಸ, ಯಾರು ಮಾಡ್ತಾರೆ? ಅದಕ್ಕೆ ನಾನು ಹೇಳೋದು, ಅದಕ್ಕೋಸ್ಕರಾನೇ ಬಿಚ್ಚಿಸ್ಬೇಡಿ. ವೀಲ್ ಬೇರಿಂಗ್ ಹೂಂ ಅಂತ ಸೌಂಡ್ ಮಾಡೋಕೆ ಶುರುವಾದಾಗ ಹೆಂಗೂ ಹಬ್ ಬರುತ್ತೆ, ಆವಾಗ ಕವರ್ ಕೈಲಿಟ್ಕೊಂಡೇ ಗ್ಯಾರೇಜಿಗೆ ಹೋಗಿ. ಬೆಂಗಳೂರಿನ ಜೆ.ಸಿ. ರೋಡಲ್ಲಿ ಹುಡುಕಿ, ಇಲ್ಲಾ ಶಿವಾಜಿನಗರದ ಹಳೇ ಪಾರ್ಟ್ಸ್ ಅಂಗಡಿಗಳಲ್ಲಿ ತುಕ್ಕಿಲ್ಲದ್ದು ಆರಿಸಿ, ತಂದ ಮೇಲೆ ಉಜ್ಜಿ ಪ್ರೈಮರ್ ಹೊಡೆದು ಬಿಸಿ ತಡ್ಕೊಳ್ಳೋ ಪೇಂಟ್ ಹಚ್ಚಿ. ಅಂಡರ್ ಬಾಡಿಗೆ ಹೊಡಿಯೋ ಡಾಂಬರ್ ಕೋಟಿಂಗ್ ಮಾತ್ರ ಬೇಡ, ಬಿಸಿಗೆ ಕರಗಿ ಡಿಸ್ಕಿಗೆ ತಾಗಿದ್ರೆ ಕೆಲಸ ಕೆಡುತ್ತೆ.

ಬರೀ ಕಿರ್ ಅನ್ನೋ ಸೌಂಡ್ ಬಂದ್ರೆ ಕವರ್ ಹಾಳಾಗಿದೆ ಅಂತಲೇ ಅಲ್ಲ. ಜಲ್ಲಿ ರಸ್ತೇಲಿ ಒಂದು ಕಲ್ಲು ಸಿಕ್ಕಾಕ್ಕೊಂಡಿದ್ರೂ ಜೀವ ಹೋಗೋ ಥರ ಕಿರುಚುತ್ತೆ, ಸ್ವಲ್ಪ ರಿವರ್ಸ್ ತಗೊಂಡ್ರೆ ಎಷ್ಟೋ ಸಲ ಬಿದ್ದೋಗುತ್ತೆ. ತಗಡು ಬಗ್ಗಿದ್ರೆ ಡಿಸ್ಕ್ ತಣ್ಣಗಾದ ಮೇಲೆ ಕೈಯಲ್ಲೇ ಹಿಂದಕ್ಕೆ ಬಗ್ಗಿಸಿ, ಚಕ್ರ ಒಂದು ಸುತ್ತು ತಿರುಗಿಸಿ ನೋಡಿ ಸಾಕು.

ಒಂದು ಸಂದರ್ಭದಲ್ಲಿ ಮಾತ್ರ ನಾನೂ ಕಿತ್ತು ಹಾಕಿ ಅಂತೀನಿ. ಬೋಲ್ಟ್ ಹತ್ರ ಪೂರ್ತಿ ತಿಂದೋಗಿ ಜೋಲಾಡ್ತಾ ಇದ್ರೆ ಅದು ಇರೋದೇ ಅಪಾಯ, ಓಡ್ತಾ ಓಡ್ತಾ ಡಿಸ್ಕಿಗೆ ಸಿಕ್ಕಾಕ್ಕೊಳ್ಳಬಹುದು. ಅವತ್ತೇ ತೆಗೆಸಿ, ಹೊಸದು ಸಿಗೋವರೆಗೆ ಮಳೇಲಿ ಹುಷಾರಾಗಿ ಓಡಿಸಿ. ಆದ್ರೆ ಹಿಂದಿನ ಡ್ರಮ್ಮಿನ ಬ್ಯಾಕ್ ಪ್ಲೇಟೂ ಇದೂ ಒಂದೇ ಅಂದ್ಕೋಬೇಡಿ, ಆ ಪ್ಲೇಟಲ್ಲೇ ಡ್ರಮ್ಮನ್ನ ಒಳಗಿಂದ ಒತ್ತೋ ಬ್ರೇಕ್ ಶೂ, ಅದನ್ನ ತಳ್ಳೋ ವೀಲ್ ಸಿಲಿಂಡರ್ ಎಲ್ಲ ಕೂತಿರೋದು, ಅದು ತೂತಾಗಿದ್ರೆ ಗಾಡಿ ನಿಲ್ಲಿಸಿ ಮೊದಲು ಅದನ್ನ ಮಾಡಿಸಿ.

ಶಿವಮೊಗ್ಗ, ಉಡುಪಿ ಕಡೆ ಝೆನ್‌ಗೆ ಎಡಗಡೆ ಕವರ್ ಹೊಸದು ಯಾರ ಹತ್ರ ಸ್ಟಾಕ್ ಇದ್ರೂ ಹೇಳಿ, ನಮ್ಮೂರಲ್ಲಿ ಬೇರಿಂಗ್ ಕೆಲಸಕ್ಕೆ ಬಿಟ್ಟಿರೋ ಗಾಡಿ ಒಂದು ಕಾಯ್ತಾ ಇದೆ.