ಬೋಲ್ಟಿನ ತಲೆಯ ಮೇಲಿನ ‘ಎಫ್’

ಹಳೆಯ ಜೀಪುಗಳನ್ನು ರಿಸ್ಟೋರ್ ಮಾಡಿಸುವ ಹುಮ್ಮಸ್ಸು ಮಂಗಳೂರು, ಉಡುಪಿಯ ಕಡೆ ಹೆಚ್ಚುತ್ತಿರುವುದು ಸಂತೋಷವೇ. ಆದರೆ ಗ್ಯಾರೇಜಿನಲ್ಲಿ ಗಾಡಿ ಬಿಚ್ಚಿದ ದಿನವೇ ಅದರ ಹಳೆಯ ನಟ್ಟು-ಬೋಲ್ಟುಗಳೆಲ್ಲ ಗುಜರಿ ಪಾಲಾಗುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಎರಡನೇ ಮಹಾಯುದ್ಧದ ಜೀಪನ್ನು ಒಂದೇ ವಿನ್ಯಾಸದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಎರಡೂ ಕಂಪನಿಗಳು ತಯಾರಿಸಿದವು. 1942ರಿಂದ 1945ರವರೆಗೆ ಬಂದ ಫೋರ್ಡಿನ ಜಿಪಿಡಬ್ಲ್ಯು ಮಾದರಿಯಲ್ಲಿ ಬಿಡಿಭಾಗಗಳ ಮೇಲಷ್ಟೇ ಅಲ್ಲ, ಬೋಲ್ಟಿನ ತಲೆಯ ಮೇಲೂ ಬಳುಕುವ ಬರಹದ ‘ಎಫ್’ ಅಕ್ಷರವನ್ನು ಒತ್ತಲಾಗಿತ್ತು. ಚಾಸಿಸ್ ನಂಬರನ್ನು ಫೋರ್ಡ್ ಎಡಗಡೆಯ ಫ್ರೇಮಿನ ಮೇಲ್ಮೈಗೇ ಪಂಚ್ ಮಾಡಿದರೆ, ವಿಲ್ಲಿಸ್ ಅದನ್ನು ಫ್ರೇಮಿನ ಒಳಮೈಗೆ ರಿವೆಟ್ ಹೊಡೆದ ತಗಡಿನ ಮೇಲೆ ಬರೆಯಿತು. ಫ್ರೇಮಿನ ಮುಂಭಾಗದ ಅಡ್ಡಪಟ್ಟಿ ವಿಲ್ಲಿಸ್‌ನಲ್ಲಿ ಗುಂಡನೆಯ ಪೈಪು, ಫೋರ್ಡಿನಲ್ಲಿ ಕವುಚಿದ ದೋಣಿಯಂಥದ್ದು. (ನಮ್ಮ ಘಾಟಿ ರಸ್ತೆಗಳಲ್ಲಿ ಕಾಣುವ ಜೀಪುಗಳಲ್ಲಿ ಹೆಚ್ಚಿನವು ಮಹೀಂದ್ರಾದವು, ಅವುಗಳಿಗೆ ಈ ಲೆಕ್ಕ ಹಿಡಿಯದು.)

ಇಷ್ಟು ತಿಳಿದವರು ಮಾಡುವ ಇನ್ನೊಂದು ಅತಿರೇಕವೂ ಇದೆ. ‘ನನ್ನ ಗಾಡಿಯ ಒಂದೊಂದು ಬೋಲ್ಟಿನಲ್ಲೂ ಎಫ್ ಇದೆ, ಹಾಗಾಗಿ ಪೂರ್ತಿ ಒರಿಜಿನಲ್’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ಅಕ್ಷರ ಭಾಗವನ್ನು ಮಾಡಿದವರು ಯಾರೆಂದು ಹೇಳುತ್ತದೆಯೇ ಹೊರತು ಅದು ಇದೇ ಗಾಡಿಯೊಂದಿಗೆ ಕಾರ್ಖಾನೆಯಿಂದ ಹೊರಬಂತೆಂದು ಹೇಳುವುದಿಲ್ಲ. ಒಂದರ ಭಾಗ ಇನ್ನೊಂದಕ್ಕೆ ಹೊಂದುತ್ತಿದ್ದ ಕಾರಣ ಸೇನೆಯ ವರ್ಕ್‌ಶಾಪುಗಳಲ್ಲಿ ಎರಡೂ ಕಂಪನಿಗಳ ಭಾಗಗಳು ಬೆರೆತುಹೋದವು. ಸಾಲದ್ದಕ್ಕೆ, ಎಫ್ ಒತ್ತಿದ ಹೊಚ್ಚಹೊಸ ಬೋಲ್ಟುಗಳು ಇಂದು ಮಾರಾಟಕ್ಕಿವೆ. ಫೋರ್ಡ್ ಗಾಡಿಯಲ್ಲಿ ಎಂಜಿನ್ ನಂಬರು ಮತ್ತು ಫ್ರೇಮಿನ ನಂಬರು ಮೂಲತಃ ಒಂದೇ ಆಗಿರುತ್ತಿದ್ದವು. ಅವೆರಡೂ ತಾಳೆಯಾದರೆ ಅದಕ್ಕೆ ಬೋಲ್ಟುಗಳಿಗಿಂತ ಹೆಚ್ಚಿನ ತೂಕ ಕೊಡುತ್ತೇನೆ.

ಕರಾವಳಿಯ ಉಪ್ಪುಗಾಳಿ ಮತ್ತು ಮಳೆ ಈ ಗುರುತುಗಳನ್ನು ತಿನ್ನುತ್ತವೆ, ನಿಜ. ಆದರೂ ಡೀಸೆಲ್ ಹಚ್ಚಿ, ನೈಲಾನ್ ಬ್ರಶ್ಶಿನಿಂದ ಉಜ್ಜಿ, ಒರೆಸಿ ಒಣಗಿಸಿ, ಸೀಮೆಸುಣ್ಣ ತಿಕ್ಕಿ, ಪಕ್ಕದಿಂದ ಟಾರ್ಚ್ ಹಿಡಿದರೆ ಮಾಸಿದ ಅಂಕಿಯೂ ಎಷ್ಟೋ ಸಲ ಎದ್ದು ಕಾಣುತ್ತದೆ. ಗ್ರೈಂಡರ್ ಆಡಿಸಿದ ಮೇಲೆ ಏನೂ ಉಳಿಯದು. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ವಾಹನಕ್ಕೆ ‘ವಿಎ’ ಸರಣಿಯ ವಿಂಟೇಜ್ ನೋಂದಣಿ ಸಿಗಬೇಕಾದರೆ ಚಾಸಿಸ್, ಬಾಡಿ, ಎಂಜಿನ್‌ಗಳು ಗಣನೀಯ ಮಾರ್ಪಾಡಿಲ್ಲದೆ ಮೂಲರೂಪದಲ್ಲೇ ಇರಬೇಕು. ಅಳಿಸಿಹೋದ ನಂಬರನ್ನು ತಾವೇ ಪಂಚ್ ಹೊಡೆದು ತಿದ್ದಿದರೆ ಕಾನೂನಿನ ತೊಡಕೂ ಸೇರಿಕೊಳ್ಳುತ್ತದೆ.

ಬೈಕಂಪಾಡಿಯ ಲೇತಿನಲ್ಲಿ ಎಂಥ ಬೋಲ್ಟನ್ನಾದರೂ ಮಾಡಿಸಿಕೊಳ್ಳಬಹುದು, ಹಳೆಯದು ಮಾತ್ರ ಮತ್ತೆ ಸಿಗದು. ಆದ್ದರಿಂದ ಟಿಂಕರಿಂಗಿಗೆ ಬಿಡುವ ಮೊದಲು ಪ್ರತಿ ಗುರುತಿನ ಫೋಟೊ ತೆಗೆದಿಟ್ಟುಕೊಳ್ಳಿ. ಬಿಚ್ಚಿದ ಸಾಮಾನನ್ನೆಲ್ಲ ಗಾಡಿಯ ಜೊತೆಗೇ ಹಿಂದಿರುಗಿಸಬೇಕೆಂದು ಎಸ್ಟಿಮೇಟಿನಲ್ಲೇ ಬರೆಸಿ.