35 ದಿನದ ಸಂವಿಧಾನ

ಆಂದ್ರಾಶ್ ಬಾಕಾ ಅಂತ ಒಬ್ಬರು ಜಡ್ಜ್ ಇದ್ದಾರೆ, ಹಂಗೇರಿಯವರು. ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ಕೋರ್ಟಿನಲ್ಲಿ 17 ವರ್ಷ ಕೂತು ತೀರ್ಪು ಬರೆದವರು. 2009ರಲ್ಲಿ ತಮ್ಮ ದೇಶದ ಸುಪ್ರೀಂ ಕೋರ್ಟಿಗೆ ಅಧ್ಯಕ್ಷರಾದರು. ಅವಧಿ ಆರು ವರ್ಷ. ಸರ್ಕಾರ ಜಡ್ಜ್‌ಗಳ ನಿವೃತ್ತಿ ವಯಸ್ಸನ್ನು ಒಂದೇ ಏಟಿಗೆ 70ರಿಂದ 62ಕ್ಕೆ ಇಳಿಸಲು ಹೊರಟಾಗ, ಇದು ಸರಿಯಲ್ಲ ಅಂತ ಬಾಯಿಬಿಟ್ಟು ಹೇಳಿದರು.

ಇವರನ್ನು ಯಾರೂ ವಜಾ ಮಾಡಲಿಲ್ಲ, ನೋಡಿ. ಹೊಸ ಸಂವಿಧಾನ ಬಂತು, ಅದರಲ್ಲಿ ಸುಪ್ರೀಂ ಕೋರ್ಟಿನ ಹೆಸರು 'ಕೂರಿಯಾ' ಅಂತಾಯಿತು. ಕೋರ್ಟೇ ಹೊಸದು ಅಂದಮೇಲೆ ಹಳೇ ಅಧ್ಯಕ್ಷರ ಅವಧಿ ತಾನಾಗೇ ಮುಗಿದ ಲೆಕ್ಕ! ಮತ್ತೆ ಅದೇ ಕುರ್ಚಿಗೆ ಬರೋಣವೆಂದರೆ ಇನ್ನೊಂದು ಷರತ್ತು: ಹಂಗೇರಿಯಲ್ಲಿ ಜಡ್ಜ್ ಆಗಿ ಐದು ವರ್ಷದ ಅನುಭವ ಇರಬೇಕು. ಸ್ಟ್ರಾಸ್‌ಬರ್ಗ್‌ನ 17 ವರ್ಷ ಲೆಕ್ಕಕ್ಕೆ ಬರಲಿಲ್ಲ. 2012ರ ಜನವರಿ 1ಕ್ಕೆ, ಇನ್ನೂ ಮೂರೂವರೆ ವರ್ಷ ಬಾಕಿ ಇರುವಾಗಲೇ, ಅವರ ಅಧ್ಯಕ್ಷಗಿರಿ ಹೋಯಿತು.

"ಜನ ಮೂರನೇ ಎರಡು ಬಹುಮತ ಕೊಟ್ಟಿದ್ದಾರೆ, ಸಂವಿಧಾನ ಬದಲಿಸ್ತಾರೆ, ತಪ್ಪೇನು?" ಅಂತ ಕೇಳುವವರು ಎಲ್ಲ ದೇಶದಲ್ಲೂ ಇದ್ದಾರೆ. ಹಂಗೇರಿಯ 2010ರ ಚುನಾವಣೆಯಲ್ಲಿ, ಆ ಸಲ ಗೆದ್ದು ಪ್ರಧಾನಿಯಾದ ವಿಕ್ಟರ್ ಓರ್ಬಾನ್ ಅವರ ಕೂಟಕ್ಕೆ ಬಿದ್ದ ಮತ ಸುಮಾರು 53%. ಸಿಕ್ಕ ಸೀಟು 386ರಲ್ಲಿ 263. ಇರಲಿ, ಅದು ಅಲ್ಲಿನ ಚುನಾವಣಾ ಪದ್ಧತಿಯ ಲೆಕ್ಕ. ಹಳೇ ಸಂವಿಧಾನವೂ 1949ರ ಕಮ್ಯುನಿಸ್ಟ್ ಕಾಲದ್ದು, 1989ರಲ್ಲಿ ಹೆಚ್ಚುಕಮ್ಮಿ ಪೂರ್ತಿ ರಿಪೇರಿ ಮಾಡಿಕೊಂಡದ್ದು. ಹೊಸದು ಬೇಕು ಅಂದರೆ ನಾನೂ ಜಗಳಕ್ಕೆ ಹೋಗಲ್ಲ.

ನನ್ನ ತಕರಾರೆಲ್ಲ ಗಡಿಯಾರದ ಬಗ್ಗೆ. ಕರಡು ಸಂಸತ್ತಿಗೆ ಬಂದದ್ದು 2011ರ ಮಾರ್ಚ್ 14. ಪಾಸಾದದ್ದು ಏಪ್ರಿಲ್ 18. ಕೈ ಬೆರಳಲ್ಲಿ ಎಣಿಸಿ, 35 ದಿನ. ನಮ್ಮಲ್ಲಿ ಒಂದು ಖಾತೆ ಬದಲಾವಣೆಗೂ ಇದಕ್ಕಿಂತ ಜಾಸ್ತಿ ದಿನ ಹಿಡಿಯುತ್ತದೆ, ಅಲ್ವಾ? ಕರಡು ಬರೆದವರಲ್ಲಿ ಮುಖ್ಯರಾದ ಯೋಜೆಫ್ ಸಾಯರ್ ಅದನ್ನು ಐಪ್ಯಾಡ್‌ನಲ್ಲಿ ಬರೆದೆ ಅಂತ ತಾವೇ ಹೇಳಿಕೊಂಡಿದ್ದರು. ಸೋಷಲಿಸ್ಟರು, ಹಸಿರು ಪಕ್ಷದವರು ಈ ಕೆಲಸದಿಂದ ದೂರವೇ ಉಳಿದರು. ಜನರಿಗೆ ಅಂಚೆಯಲ್ಲಿ 12 ಪ್ರಶ್ನೆಗಳ ಒಂದು ಫಾರಂ ಹೋಯಿತು, ಜನಮತಗಣನೆ ಮಾತ್ರ ನಡೆಯಲಿಲ್ಲ. ಈಸ್ಟರ್ ಸೋಮವಾರ ರಾಷ್ಟ್ರಪತಿ ಸಹಿ ಹಾಕಿದರು.

ನಮ್ಮ ಸಂವಿಧಾನ ಸಭೆ ತೆಗೆದುಕೊಂಡದ್ದು 2 ವರ್ಷ 11 ತಿಂಗಳು 17 ದಿನ. ಆಗಲೂ ಬೈಯುವವರು ಬೈದರು. ನಜೀರುದ್ದೀನ್ ಅಹ್ಮದ್ ಅನ್ನುವ ಸದಸ್ಯರಂತೂ ಡ್ರಾಫ್ಟಿಂಗ್ ಕಮಿಟಿಗೆ 'ಡ್ರಿಫ್ಟಿಂಗ್ ಕಮಿಟಿ', ಅಂದರೆ ದಿಕ್ಕಿಲ್ಲದೆ ತೇಲುವ ಕಮಿಟಿ, ಅಂತ ಹೆಸರಿಟ್ಟಿದ್ದರು. ಅಂಬೇಡ್ಕರ್ ಕೊನೆಯ ಭಾಷಣದಲ್ಲಿ ಲೆಕ್ಕ ಕೊಟ್ಟರು: ಬಂದ ತಿದ್ದುಪಡಿ ಸೂಚನೆಗಳು 7,635, ಅದರಲ್ಲಿ ಸಭೆಯ ಮುಂದೆ ಮಂಡನೆಯಾದದ್ದೇ 2,473. ತಡ ಯಾಕಾಯಿತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉತ್ತರ ನಾನು ಕಂಡಿಲ್ಲ.

35 ದಿನದಲ್ಲಿ ಕಟ್ಟಿದ ಮನೆಗೆ ಆಗಾಗ ರಿಪೇರಿ ಬೇಕಾಯಿತು. ಜಾರಿಗೆ ಬಂದು 15 ತಿಂಗಳು ತುಂಬುವ ಮೊದಲೇ, 2013ರ ಮಾರ್ಚಿನಲ್ಲಿ, ನಾಲ್ಕನೇ ತಿದ್ದುಪಡಿ. ಅಲ್ಲಿನ ಸಂವಿಧಾನ ಕೋರ್ಟು ತಳ್ಳಿಹಾಕಿದ್ದ ಸಂಗತಿಗಳನ್ನೇ ಎತ್ತಿ ಸಂವಿಧಾನದೊಳಗೆ ಸೇರಿಸಿದರು. ಇನ್ನು ಮುಂದೆ ತಿದ್ದುಪಡಿ ಬಂದರೆ ಕ್ರಮ ಸರಿಯಿತ್ತಾ ಅಂತಷ್ಟೇ ಕೋರ್ಟು ನೋಡಬಹುದು, ಒಳಗೆ ಏನಿದೆ ಅಂತ ಕೇಳುವ ಹಾಗಿಲ್ಲ ಅಂತಲೂ ಬರೆದರು.

ಆ ಪ್ರಶ್ನೆಯನ್ನು ನಮ್ಮ ಕಡೆಯ ಒಂದು ಮಠ ನಲವತ್ತು ವರ್ಷ ಮೊದಲೇ ಕೇಳುವಂತೆ ಮಾಡಿತ್ತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹಾಕಿದ ಕೇಸು, 1973ರ ಏಪ್ರಿಲ್ 24ರ ತೀರ್ಪು, 7–6ರ ಅಂತರ. ಸಂವಿಧಾನ ಬದಲಿಸಿ, ಆದರೆ ಮೂಲ ಸ್ವರೂಪ ಮುಟ್ಟಬೇಡಿ ಅಂತ ಸುಪ್ರೀಂ ಕೋರ್ಟು ಹೇಳಿತು. ಈ ವಾದದ ಬೇರಿನಲ್ಲಿ ಡೀಟರ್ ಕಾನ್ರಾಡ್ ಅನ್ನುವ ಜರ್ಮನ್ ವಿದ್ವಾಂಸರ ಮಾತಿದೆ. 1965ರಲ್ಲಿ ಬನಾರಸ್‌ನಲ್ಲಿ ಇದೇ ವಿಷಯದ ಮೇಲೆ ಉಪನ್ಯಾಸ ಕೊಟ್ಟಿದ್ದರು. 1933ರಲ್ಲಿ ಹಿಟ್ಲರ್‌ಗೂ ಸಂಸತ್ತಿನ ಮೂರನೇ ಎರಡು ಮತ ಸಿಕ್ಕಿತ್ತು ಅನ್ನೋದು ಮರೆಯುವಂಥ ಪಾಠವಾ? ಜರ್ಮನಿಯ ಈಗಿನ ಸಂವಿಧಾನದಲ್ಲಿ ಕೆಲವು ವಿಷಯಗಳಿಗೆ ತಿದ್ದುಪಡಿಯ ದಾರಿಯೇ ಇಲ್ಲ.

ಹಾಗಂತ ಜರ್ಮನಿಗೂ ಪೂರ್ತಿ ಮಾರ್ಕ್ಸ್ ಕೊಡಲಾರೆ. 2025ರ ಫೆಬ್ರವರಿ 23ಕ್ಕೆ ಅಲ್ಲಿ ಚುನಾವಣೆ ಆಯಿತು. ಹೊಸ ಸಂಸತ್ತಿನಲ್ಲಿ ಮೂರನೇ ಎರಡು ಹೊಂದಿಸುವುದು ಕಷ್ಟ ಅಂತ ಗೊತ್ತಾಯಿತು. ಅವಧಿ ಮುಗಿಯುತ್ತಿದ್ದ ಹಳೇ ಸಂಸತ್ತನ್ನೇ ಕರೆದು, ಮಾರ್ಚ್ 18ಕ್ಕೆ 513 ಮತದಿಂದ ಸರ್ಕಾರ ಎಷ್ಟು ಸಾಲ ಮಾಡಬಹುದು ಅಂತ ಸಂವಿಧಾನ ಹಾಕಿದ್ದ ಮಿತಿಯನ್ನು ಸಡಿಲಿಸಿಬಿಟ್ಟರು. ಒಂದು ವಾರಕ್ಕೆ ಹೊಸಬರು ಬಂದು ಕೂತರು. ಸೇನೆಗೆ ದುಡ್ಡು ಬೇಕಿತ್ತು, ಒಪ್ಪಿದೆ. ಕೋರ್ಟೂ ತಡೆಯಲಿಲ್ಲ. ಆದರೂ ಮನೆ ಖಾಲಿ ಮಾಡುವ ಬಾಡಿಗೆದಾರ ಹೊರಡುವ ವಾರದಲ್ಲಿ ಗೋಡೆ ಒಡೆದು ಬಾಗಿಲು ಇಟ್ಟ ಹಾಗಾಯಿತು. ಬುಡಾಪೆಸ್ಟ್‌ನಲ್ಲಿ ಆದರೆ ಸರ್ವಾಧಿಕಾರ, ಬರ್ಲಿನ್‌ನಲ್ಲಿ ಆದರೆ ಜವಾಬ್ದಾರಿ ಅನ್ನೋ ಮಾತು ನನಗೆ ಆಗಿಬರಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಲೂ ಇಲ್ಲ. ಬರ್ಲಿನ್‌ನಲ್ಲಿ ಯಾವ ಜಡ್ಜ್ ಕುರ್ಚಿಯೂ ಹೋಗಲಿಲ್ಲ.

ಬಾಕಾ ಅವರು ಕೇಸು ಹಾಕಿದರು, ತಾವೇ 17 ವರ್ಷ ಕೂತಿದ್ದ ಸ್ಟ್ರಾಸ್‌ಬರ್ಗ್ ಕೋರ್ಟಿನಲ್ಲಿ. 2016ರ ಜೂನ್ 23ಕ್ಕೆ ಗೆದ್ದರು. ಅವರಿಗೆ ಅನ್ಯಾಯವಾಗಿದೆ ಅಂತ ಕೋರ್ಟು ಹೇಳಿತು, ಪರಿಹಾರವೂ ಕೊಡಿಸಿತು. ಅವರನ್ನು ಎಬ್ಬಿಸಿದ್ದ ಆ ಕುರ್ಚಿಯ ಆರು ವರ್ಷದ ಅವಧಿ ಮುಗಿದು ಅಷ್ಟರಲ್ಲಿ ಒಂದು ವರ್ಷವಾಗಿತ್ತು.