ಯೆಜ್ಡಿ ಎದ್ದಿತು, ಎಫ್‌ಡಿ ಮುರಿಯಿತು

ಇಪ್ಪತ್ತು ವರ್ಷ ದಾಟಿದ ಬೈಕಿನ ನೋಂದಣಿ ನವೀಕರಿಸಲು ಇನ್ನು ಮೇಲೆ ಎರಡು ಸಾವಿರ ಅಂತ 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹೇಳಿತಲ್ಲ, ಆವತ್ತಿನಿಂದ ನಮ್ಮ ಗೆಳೆಯನ ಮುಖಕ್ಕೆ ಒಂಥರಾ ಕಳೆ ಬಂದಿದೆ. 'ನೋಡಪಾ, ಹಳೇ ಗಾಡಿಗೆ ಸರ್ಕಾರದವರೂ ಬೆಲೆ ಕೊಡ್ತಿದಾರೆ' ಅಂತಾನೆ. ಮುನ್ನೂರು ಇದ್ದದ್ದು 2022ರಲ್ಲಿ ಸಾವಿರ ಆಯ್ತು, ಈಗ ಎರಡು ಸಾವಿರ. ಷೇರಿಗೆ ಹಾಕಿದ ದುಡ್ಡೂ ಹೀಗೆ ಬೆಳೆದಿಲ್ಲವಂತೆ. ಬೆಳೆದದ್ದು ಅವನು ಕೊಡಬೇಕಾದ ದುಡ್ಡು ಅನ್ನೋದನ್ನು ಹೇಳಲು ಹೋಗಲಿಲ್ಲ. ರಿಸ್ಟೋರೇಷನ್, ಅಂದರೆ ಹಳೇ ಗಾಡಿಯನ್ನು ಮತ್ತೆ ಹೊಸದರ ಹಾಗೆ ಮಾಡುವ ಹುಚ್ಚು ಹಿಡಿದವನ ಹತ್ತಿರ ಲೆಕ್ಕ ಮಾತಾಡಬಾರದು.

ಇವನದು ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ. ಜೋಳವನ್ನು ಮುಷ್ಟಿಯಲ್ಲಿ ಹಿಡಿದೇ ತೇವ ಎಷ್ಟಿದೆ ಅಂತ ಹೇಳುವ ಮನುಷ್ಯ. ಕ್ವಿಂಟಾಲಿಗೆ ಹತ್ತು ರೂಪಾಯಿ ಇಳಿಸಲು ಅರ್ಧ ತಾಸು ಮಾತಾಡುತ್ತಾನೆ. ಅಂಥವನು ಗುಜರಿ ಅಂಗಡಿಯ ಹಿಂದೆ ಬಿದ್ದಿದ್ದ ಒಂದು ಹಳೇ ಯೆಜ್ಡಿ ಬೈಕಿನ ಮುಂದೆ ನಿಂತು, ಅಂಗಡಿಯವನು ಹದಿನೆಂಟು ಸಾವಿರ ಅಂದ ತಕ್ಷಣ ಜೇಬಿಗೆ ಕೈ ಹಾಕಿದ. ಚೌಕಾಸಿ ಇಲ್ಲ. ಗುಜರಿಯವನಿಗೇ ಒಂದು ಕ್ಷಣ ಬೇಜಾರಾಯ್ತು, ಇಪ್ಪತ್ತೈದು ಹೇಳಬೇಕಿತ್ತು ಅಂತ.

ಅದೂ ಸರಿಯಾದ ಯೆಜ್ಡಿ ಅಲ್ಲ. ಎಂಬತ್ತರ ದಶಕದಲ್ಲಿ ಯಾವನೋ ಪುಣ್ಯಾತ್ಮ ಡರ್ಟ್ ರೇಸಿಗೆ ಅಂತ ಮಡ್‌ಗಾರ್ಡ್ ಕತ್ತರಿಸಿ, ಸೈಲೆನ್ಸರನ್ನು ಸೀಟಿನ ಪಕ್ಕಕ್ಕೆ ಎತ್ತಿ ಕಟ್ಟಿ, ಹೆಡ್‌ಲೈಟು ಹಾರ್ನು ಎಲ್ಲಾ ಕಿತ್ತೆಸೆದು ತಯಾರು ಮಾಡಿದ ಮನೆ ಮೋಟೋಕ್ರಾಸ್ ಅದು, ಅಂದರೆ ಮಣ್ಣಿನ ಟ್ರ್ಯಾಕಿನಲ್ಲಿ ದಿಬ್ಬ ಹಾರಿಸುವ ರೇಸಿನ ಬೈಕು. ಆದರೆ ಗೆಳೆಯ ಹೇಳುವ ವಂಶಾವಳಿ ಬೇರೆ. ಯೆಜ್ಡಿಯ ಮೂಲ ಜೆಕೊಸ್ಲೊವಾಕಿಯಾದ ಜಾವಾ. ಅದೇ ದೇಶದ ಸಿಝಡ್ ಕಂಪನಿಯ ಬೈಕು ಹತ್ತಿ ಜೋಯೆಲ್ ರೋಬೆರ್ ಅನ್ನೋ ಬೆಲ್ಜಿಯಂ ಹುಡುಗ 1964ರಲ್ಲಿ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದ. ಹಾಗಾಗಿ ನಮ್ಮವನ ಗುಜರಿ ಯೆಜ್ಡಿ ವಿಶ್ವ ಚಾಂಪಿಯನ್ನಿನ ಸಂಬಂಧಿ. ಅತ್ತಿಗೆಯ ತಮ್ಮನ ಷಡ್ಡಕ ಡಿಸಿ ಆಫೀಸಲ್ಲಿದ್ದಾನೆ ಅಂತ ಹೇಳಿಕೊಂಡು ಓಡಾಡುತ್ತಾರಲ್ಲ, ಆ ಥರದ ಸಂಬಂಧ.

ಆಮೇಲೆ ಶುರುವಾಯಿತು ಖರ್ಚು. ಎಂಜಿನ್ ಜಾಮ್. ಹೆಡ್ ಬಿಚ್ಚಿದರೆ ಪಿಸ್ಟನ್ ಸಿಲಿಂಡರಿಗೆ ಅಂಟಿ ಕೂತಿದೆ, ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದರೆ ಕ್ರ್ಯಾಂಕ್ ಅಲ್ಲಾಡುತ್ತಿದೆ, ಕ್ರ್ಯಾಂಕ್ ಬಿಚ್ಚಿ ಕನೆಕ್ಟಿಂಗ್ ರಾಡು ಬೇರಿಂಗು ಬದಲಿಸಿ ಪ್ರೆಸ್ ಮಾಡಿಸಿದರೆ ಕ್ಲಚ್ ಪ್ಲೇಟ್ ಸವೆದಿದೆ, ಅದು ಮುಗಿಯಿತು ಅನ್ನುವಾಗ ಫ್ರೇಮಿನಲ್ಲಿ ಬಿರುಕು ಕಾಣಿಸಿತು. ಯೆಜ್ಡಿಯಲ್ಲಿ ಕಿಕ್ಕರೂ ಗೇರೂ ಒಂದೇ ಲಿವರ್ ಅನ್ನೋದು ಓಡಿಸಿದವರಿಗೆಲ್ಲ ಗೊತ್ತು. ಹಿಂದಕ್ಕೆ ಎತ್ತಿದರೆ ಕಿಕ್ಕರ್, ಮುಂದಕ್ಕೆ ಮಲಗಿಸಿದರೆ ಗೇರು. ಆ ಲಿವರಿನ ಹಲ್ಲು ಸವೆದಿತ್ತು, ಹಾಗಾಗಿ ಒಂದೇ ಏಟಿಗೆ ಎರಡು ಕೆಲಸ ಕೆಟ್ಟವು. ಗುಬ್ಬಿ ಗುಬ್ಬಿ ಟೈರು, ರಿಮ್ಮು, ಸ್ಪೋಕು, ಕ್ರೋಮು, ಪೇಂಟು, ಕಾರ್ಬ್ಯುರೇಟರು. ಒಂದೊಂದು ಸಾಮಾನಿಗೂ ಒಂದೊಂದು ಊರಿಗೆ ಹೋಗಿ ಬಂದ. ಹೋಗಿ ಬಂದ ಖರ್ಚು ಲೆಕ್ಕದಲ್ಲಿಲ್ಲ. ಊಟ, ಮಂಡಕ್ಕಿ, ಮೆಣಸಿನಕಾಯಿ ಲೆಕ್ಕದಲ್ಲಿಲ್ಲ. ಮೆಕ್ಯಾನಿಕ್ಕಿಗೆ ಖುಷಿಯಾಗಲಿ ಅಂತ ಕೊಟ್ಟದ್ದೂ ಇಲ್ಲ. ಅದೆಲ್ಲ ಬಿಟ್ಟು ಒಂದು ಲಕ್ಷದ ಎಪ್ಪತ್ತು ಸಾವಿರ. ಬ್ಯಾಂಕಿನಲ್ಲಿದ್ದ ಎಫ್‌ಡಿ ಒಂದು ಮುರಿಯಿತು.

ಒಂದೂವರೆ ಲಕ್ಷದ ಆಸುಪಾಸಿಗೆ ಶೋರೂಮಿನಲ್ಲಿ ಹೀರೋ ಎಕ್ಸ್‌ಪಲ್ಸ್ ಸಿಗುತ್ತದೆ. ಗದ್ದೆ ಬದುವಿನ ಮೇಲೂ ಓಡುತ್ತದೆ. ಸೆಲ್ಫ್ ಇದೆ, ವಾರಂಟಿ ಇದೆ, ಹೆಡ್‌ಲೈಟ್ ಇದೆ. ಯೆಜ್ಡಿ ಹೆಸರೇ ಬೇಕು ಅಂದರೆ 2022ರಿಂದ ಹೊಸ ಯೆಜ್ಡಿಯೂ ಬರುತ್ತಿದೆ. ಅದರಲ್ಲಿ ಸ್ಕ್ರಾಂಬ್ಲರ್ ಅಂತ ಮಣ್ಣು ಹಾದಿಯ ಗೆಟಪ್ಪಿನದೂ ಬಂತು. ಅಸಲಿ ಮೋಟೋಕ್ರಾಸೇ ಆಗಬೇಕು ಅಂದರೆ ಕವಾಸಾಕಿ ಕೆಎಕ್ಸ್ 250 ಏಳೆಂಟು ಲಕ್ಷ. ಅದನ್ನು ರಸ್ತೆಗೆ ಇಳಿಸುವಂತಿಲ್ಲ ಅಷ್ಟೇ. ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. ಅವನು ನನ್ನನ್ನು ಕನಿಕರದಿಂದ ನೋಡಿದ. 'ಹೊಸಾದು ಯಾರು ಬೇಕಾದ್ರೂ ತಗೋಬಹುದು ಬಿಡಪಾ' ಅಂದ. ಅದೇ ನನ್ನ ತಕರಾರು, ಯಾರು ಬೇಕಾದರೂ ತಗೊಳ್ಳಬಹುದು ಅನ್ನೋದು ಯಾವಾಗಿನಿಂದ ಒಂದು ದೋಷ ಆಯ್ತು?

ಬಿಡಿಭಾಗದ ಅಂಗಡಿಯವರು ಫ್ಯಾಕ್ಟರಿಯದೇ ಅಸಲಿ ಸಾಮಾನು ಅಂತ ಮಾರುವ 'ಕಂಪನಿ ಪೀಸ್' ಬಗ್ಗೆ ಸ್ವಲ್ಪ ಹೇಳಲೇಬೇಕು. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಬಾಗಿಲು ಹಾಕಿತು. ಆವತ್ತು ಹುಟ್ಟಿದ ಮಕ್ಕಳಿಗೆ ಈಗ ಮದುವೆಯಾಗಿದೆ. ಆದರೂ ಕಂಪನಿ ಪೀಸ್ ಮಾತ್ರ ಬರುತ್ತಲೇ ಇದೆ. ಗ್ರೀಸ್ ಮೆತ್ತಿದ ಹಳೇ ಕಾಗದದಲ್ಲಿ ಸುತ್ತಿ, ಮೇಲೆ ಒಂದಿಷ್ಟು ಧೂಳು ಉದುರಿಸಿ, ಕೌಂಟರಿನ ಕೆಳಗಿನಿಂದ ದೇವರ ವಿಗ್ರಹ ತೆಗೆದ ಹಾಗೆ ತೆಗೆಯುತ್ತಾರೆ. 'ಗೋಡೌನ್ ಕ್ಲೀನ್ ಮಾಡುವಾಗ ಸಿಕ್ತು ಅಣ್ಣಾ, ಇದೊಂದೇ ಇರೋದು.' ಮುಂದಿನ ವಾರ ಬೇರೆ ಊರಿನ ಬೇರೆ ಅಂಗಡಿಯಲ್ಲೂ ಗೋಡೌನ್ ಕ್ಲೀನ್ ಆಗಿರುತ್ತದೆ, ಅಲ್ಲೂ ಇದೊಂದೇ ಇರುತ್ತದೆ. ಫ್ಯಾಕ್ಟರಿ ನಡೆಯುತ್ತಿದ್ದಾಗ ಇಷ್ಟು ಸಾಮಾನು ಮಾಡಿದ್ದರೆ ಬಹುಶಃ ಅದು ಮುಚ್ಚುತ್ತಲೇ ಇರಲಿಲ್ಲ. ಕಂಪನಿ ಪೀಸಿಗೆ ನಾಲ್ಕು ಸಾವಿರ, ಲೋಕಲ್ಲಿಗೆ ಎಂಟುನೂರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಧೂಳೊಂದೇ ವ್ಯತ್ಯಾಸ.

ಹೊರದೇಶದಲ್ಲೂ ಕಥೆ ಇದೇ ಬಿಡಿ. 1973ರ ಹೋಂಡಾ ಎಲ್ಸಿನೋರ್ ಅಂತ ಒಂದು ಮೋಟೋಕ್ರಾಸ್ ಬೈಕು, ಸಿಆರ್ 250 ಎಂ. ಅದರ ಮೇಲೆ ಪ್ರಾಣ ಬಿಡುವ ಜನ ಇದ್ದಾರೆ. ತೂಕ ಕಡಿಮೆಯಾಗಲಿ ಅಂತ ಎಂಜಿನ್ ಕವರುಗಳನ್ನು ಮೆಗ್ನೀಷಿಯಂನಲ್ಲಿ ಮಾಡಿದ್ದರು. ಮೆಗ್ನೀಷಿಯಂ ಹಗುರ, ಆದರೆ ತೇವ ತಾಗಿದರೆ ಬಿಳಿ ಪುಡಿ ಬಂದು ತಿಂದುಹೋಗುತ್ತದೆ. ಮೂಲ ಕವರು ಸಿಗುವುದು ಕಷ್ಟ, ಸಿಕ್ಕರೆ ಕೇಳಿದಷ್ಟು ಕೊಡಬೇಕು. ಮೋಟೋಕ್ರಾಸ್ ಬೈಕು ಹುಟ್ಟುವುದೇ ಏಟು ತಿನ್ನಲು. ಹಾರಿ ಬೀಳಲು ಮಾಡಿದ ಗಾಡಿ ಐವತ್ತು ವರ್ಷ ಆದಮೇಲೂ ಶೋಕೇಸಿನ ಬೊಂಬೆಯ ಥರ ಕಾಣಬೇಕು ಅಂದರೆ ದುಡ್ಡು ಸುರಿಯಲೇಬೇಕು. ಅಲ್ಲಿಯವರು ಒಂದು ವಿಷಯದಲ್ಲಿ ಪ್ರಾಮಾಣಿಕರು. ಬೇರೆಯವನು ಮಾಡಿಟ್ಟದ್ದನ್ನು ಕೊಳ್ಳು, ನೀನು ಮಾಡಬೇಡ ಅಂತ ಹೊಸಬರಿಗೆ ಮುಖಕ್ಕೇ ಹೇಳುತ್ತಾರೆ. ಹೇಳಿ, ಮನೆಗೆ ಹೋಗಿ ತಾವು ಮಾಡುತ್ತಾರೆ.

ಇಡೀ ಬಿಲ್ಲಿನಲ್ಲಿ ನನಗೆ ಸರಿ ಕಂಡದ್ದು ಒಂದೇ. ಹರಿಹರದ ಒಬ್ಬ ಹಿರಿಯ ಟರ್ನರ್ ಮಾಡಿಕೊಟ್ಟ ಬುಷ್, ಬಳೆಯಂಥ ಒಂದು ಸಣ್ಣ ಬಿಡಿಭಾಗ. ಕಂಪನಿ ಪೀಸ್ ಅಂತ ತಂದದ್ದು ಕೂರಲಿಲ್ಲ. ಅವರು ಲೇತಿನ ಮೇಲೆ ಕಬ್ಬಿಣದ ತುಂಡು ಕಟ್ಟಿ, ಕನ್ನಡಕ ಏರಿಸಿ, ಕ್ಯಾಲಿಪರ್ ಹಿಡಿದು ಕೂದಲಿನಷ್ಟು ಕೂದಲಿನಷ್ಟೇ ತೆಗೆದರು. ಕೂತಿತು. ಮುನ್ನೂರು ರೂಪಾಯಿ. 'ಕಿರ್ಲೋಸ್ಕರ್‌ನಾಗ ಇದ್ದೆ ನೋಡ್ರಿ' ಅಂದರು, ಬೇರೆ ಪರಿಚಯ ಬೇಕಿಲ್ಲ ಅನ್ನುವ ಹಾಗೆ. ಬೇಕಿಲ್ಲ ಕೂಡ. ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತುಗಳು ದೇಶದ ತುಂಬ ಹೋಗುತ್ತಿದ್ದವು. ಮುಚ್ಚಿ ಎರಡು ದಶಕ ದಾಟಿತು. ದಾವಣಗೆರೆಯ ಬಟ್ಟೆ ಗಿರಣಿಗಳೂ ಹಾಗೇ, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಊರು ಕರೆಸಿಕೊಂಡದ್ದೇ ಬಂತು. ಹಳೇ ಬೈಕಿಗೆ ಇಷ್ಟು ಜನ ಅಳುತ್ತಾರೆ, ಹಳೇ ಫ್ಯಾಕ್ಟರಿಗೆ ಕ್ರೋಮ್ ಹಾಕಿಸಲು ಯಾರೂ ಎಫ್‌ಡಿ ಮುರಿಯಲಿಲ್ಲ.

ಇರಲಿ, ಕಾನೂನಿಗೆ ಬರೋಣ. ಮಜಾ ಇರೋದು ಅಲ್ಲೇ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಅಂತಲೇ ನಿಯಮ ತಂದಿತು. ಒಳ್ಳೇ ನಿಯಮ. ಬರೆದವರಿಗೆ ಸನ್ಮಾನ ಮಾಡಬೇಕು. ಗಾಡಿಗೆ ಐವತ್ತು ವರ್ಷ ಆಗಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000. ನಂಬರ್ ಪ್ಲೇಟಿನಲ್ಲಿ ವಿಎ ಅಂತ ಎರಡಕ್ಷರ. ಇಷ್ಟು ಕಟ್ಟಿದ ಮೇಲೆ ಗಾಡಿಯನ್ನು ರಸ್ತೆಗೆ ತರಬಹುದಾ? ತರಬಹುದು. ಪ್ರದರ್ಶನಕ್ಕೆ, ವಿಂಟೇಜ್ ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ರಿಪೇರಿಗೆ, ಮತ್ತೆ ಪೆಟ್ರೋಲ್ ಹಾಕಿಸಲು. ಸುಮ್ನೆ ಒಂದು ರೌಂಡು ಹೋಗಿಬರುವಂತಿಲ್ಲ. ಅಂದರೆ ಪೆಟ್ರೋಲ್ ತುಂಬಿಸಲು ಬಂಕಿಗೆ ಹೋಗಬಹುದು, ತುಂಬಿಸಿದ್ದನ್ನು ಖರ್ಚು ಮಾಡಲು ಮತ್ತೆ ಬಂಕಿಗೇ ಹೋಗಬೇಕು. ನಮ್ಮವನಿಗೆ ಇದು ಬಹಳ ಹಿಡಿಸಿದೆ. ಅವನ ಯೆಜ್ಡಿ ಕುಡಿಯುವ ಲೆಕ್ಕ ನೋಡಿದರೆ ಈಗಲೂ ಅದು ಮಾಡುತ್ತಿರುವುದು ಅದನ್ನೇ.

ಇನ್ನೊಂದು ಷರತ್ತಿದೆ. ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ಬದಲಾಯಿಸುವಂಥ ದೊಡ್ಡ ರಿಪೇರಿ ಆಗಿರಬಾರದು. ಮೋಟೋಕ್ರಾಸ್ ಬೈಕಿಗೆ ಹುಟ್ಟಿನಿಂದಲೇ ಹೆಡ್‌ಲೈಟ್ ಇಲ್ಲ, ಹಾರ್ನ್ ಇಲ್ಲ, ಇಂಡಿಕೇಟರ್ ಇಲ್ಲ. ಲೈಟ್ ಇಲ್ಲದಿದ್ದರೆ ರಸ್ತೆಗೆ ಇಳಿಸುವಂತಿಲ್ಲ, ಲೈಟ್ ಹಾಕಿಸಿದರೆ ಮೂಲ ರೂಪ ಹೋಯ್ತು. ಮೂಲ ರೂಪ ಉಳಿಯಲಿ ಅಂತ ಮುಟ್ಟದೆ ಬಿಟ್ಟರೆ ಗುಜರಿ, ಮುಟ್ಟಿ ಚೆಂದ ಮಾಡಿದರೆ 'ದೊಡ್ಡ ರಿಪೇರಿ'. ಇನ್ನು ಆಮದು ಬೈಕಾಗಿದ್ದು ಇಪ್ಪತ್ತು ವರ್ಷ ದಾಟಿದ್ದರೆ ಆಗಸ್ಟ್‌ನ ಹೊಸ ದರ ಎರಡು ಸಾವಿರ ಅಲ್ಲ, ಇಪ್ಪತ್ತು ಸಾವಿರ. ನಮ್ಮವನ ಯೆಜ್ಡಿ ಮೈಸೂರಿನದು, ಬಚಾವು. ಆದರೆ ಅದಕ್ಕೆ ಐವತ್ತು ತುಂಬಲು ಇನ್ನೂ ವರ್ಷಗಳಿವೆ. ಅಲ್ಲಿಯವರೆಗೆ ಅದು ವಿಂಟೇಜ್ ಅಲ್ಲ, ಬರೀ ಹಳೇ ಗಾಡಿ.

ಟ್ರಯಲ್ ನೋಡಲು ಒಂದು ಭಾನುವಾರ ಊರ ಹೊರಗೆ ಹೋದೆವು. ನಮ್ಮ ರಸ್ತೆಗಳೇ ಮೋಟೋಕ್ರಾಸ್ ಟ್ರ್ಯಾಕು ಅಂತ ಜನ ತಮಾಷೆ ಮಾಡುತ್ತಾರೆ. ಇದು ಟ್ರ್ಯಾಕಿಗೆ ಮಾಡುವ ಅವಮಾನ. ಟ್ರ್ಯಾಕಿಗೆ ಮಣ್ಣು ಆರಿಸಿ ತರುತ್ತಾರೆ, ನೀರು ಬಿಡುತ್ತಾರೆ, ಹಾರುವ ದಿಬ್ಬ ಇಳಿಯುವ ದಿಬ್ಬ ಎಲ್ಲ ಅಳೆದು ಕಟ್ಟುತ್ತಾರೆ. ನಮ್ಮಲ್ಲಿ ಅಳತೆ ಪುಸ್ತಕದಲ್ಲಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. 3.7 ಮೀಟರ್ ಅಂದರೆ ಒಂದು ಸಣ್ಣ ಕಾರು ಪೂರ್ತಿ ಅದರ ಮೇಲೆ ನಿಲ್ಲಬಹುದು. ನಿಮ್ಮ ಬೀದಿಯ ಹಂಪಿನ ಮೇಲೆ ಒಂದು ಬೆಣ್ಣೆದೋಸೆ ತಟ್ಟೆ ಸರಿಯಾಗಿ ಕೂರುತ್ತದಾ ನೋಡಿ. ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತರ ಪಟ್ಟಿಯಲ್ಲಿ, 2016ರಲ್ಲೇ, ಹೆಸರು ಬಂದ ಊರು ನಮ್ಮದು. ಒಳಚರಂಡಿಗೆ ಅಗೆದರು, ಮುಚ್ಚಿದರು. ನೀರಿನ ಪೈಪಿಗೆ ಅಗೆದರು, ಮುಚ್ಚಿದರು. ಕೇಬಲ್ಲಿಗೆ ಅಗೆದರು. ರಸ್ತೆಯನ್ನು ಇಷ್ಟು ಸಲ ಬಿಚ್ಚಿ ಜೋಡಿಸಿದ ಲೆಕ್ಕಕ್ಕೆ ಅದೂ ವಿಂಟೇಜ್ ನಿಯಮದಲ್ಲಿ ಅನರ್ಹ.

ಯೆಜ್ಡಿ ಚೆನ್ನಾಗಿಯೇ ಓಡಿತು ಅನ್ನಬೇಕು. ಹಿಂದೆ ಹೋಗುತ್ತಿದ್ದ ನನಗೆ ಏನೂ ಕಾಣಲಿಲ್ಲ, ಬರೀ ಹೊಗೆ.

ಹೊಗೆ ಅಂದಾಗ ನೆನಪಾಯ್ತು. ಹಳೇ ಗಾಡಿ ಹೊಗೆ ಉಗುಳುತ್ತೆ, ಜನ ಅದನ್ನು ಬಿಡಲಿ ಅಂತ ಶುಲ್ಕ ಏರಿಸಿದ್ದೇವೆ ಅನ್ನುತ್ತಾರೆ. ಗೆಳೆಯನ ಯೆಜ್ಡಿ ವಾರಕ್ಕೊಮ್ಮೆ ಹೊರಬರುತ್ತದೆ, ಉಳಿದ ದಿನ ಹಾಲ್‌ನಲ್ಲಿ ಟಿವಿ ಪಕ್ಕ ನಿಂತಿರುತ್ತದೆ. ಅವನಿಗೆ ಎರಡು ಸಾವಿರ ಅಂದರೆ ಒಂದು ಜೊತೆ ಹ್ಯಾಂಡಲ್ ಗ್ರಿಪ್ಪಿನ ದುಡ್ಡು. ನಮ್ಮ ಬೀದಿಗೆ ಬಾತಿ ಕಡೆಯಿಂದ ಸೊಪ್ಪು ತರುವವನ ಟಿವಿಎಸ್ ಎಕ್ಸ್‌ಎಲ್‌ಗೂ ಇಪ್ಪತ್ತು ದಾಟಿದೆ. ಅವನಿಗೂ ಅದೇ ಎರಡು ಸಾವಿರ. ಐದು ವರ್ಷಕ್ಕೊಮ್ಮೆ ಎರಡು ಸಾವಿರ, ಅದೇನು ಮಹಾ ಅಂತ ಎಸಿ ರೂಮಿನಲ್ಲಿ ಕೂತು ಕೇಳಬಹುದು. ಎರಡು ಸಾವಿರದಲ್ಲಿ ಮುಗಿಯುವುದಿಲ್ಲ ಸ್ವಾಮಿ. ಇನ್ಶೂರೆನ್ಸ್ ಬೇಕು, ಹೊಗೆ ಸರ್ಟಿಫಿಕೇಟ್ ಬೇಕು, ತಪಾಸಣೆಗೆ ಗಾಡಿ ತೋರಿಸಲು ವ್ಯಾಪಾರ ಬಿಡಬೇಕು, ಟೈರ್ ಸವೆದಿದೆ ಅಂದರೆ ಟೈರ್, ಅರ್ಜಿ ತುಂಬಲು ಬಾರದಿದ್ದರೆ ಏಜೆಂಟ್. ತಡವಾದರೆ ತಿಂಗಳಿಗೆ ಮುನ್ನೂರು ದಂಡ ಬೇರೆ. ಎಲ್ಲ ಸೇರಿದರೆ ಆ ಗಾಡಿಯನ್ನು ಗುಜರಿಗೆ ಹಾಕಿದರೆ ಬರುವ ದುಡ್ಡು. ಅವನು ಹಳೇ ಗಾಡಿ ಇಟ್ಟುಕೊಂಡಿರುವುದು ಶೋಕಿಗಲ್ಲ. ಹೊಸದು ತಗೊಳ್ಳಲು ದುಡ್ಡಿಲ್ಲ, ಅಷ್ಟೇ. ದುಡ್ಡಿಲ್ಲ ಅನ್ನುವುದಕ್ಕೇ ದಂಡ ಹಾಕಿ ಅದಕ್ಕೆ ಪರಿಸರ ಅಂತ ಹೆಸರಿಡುತ್ತೀರಲ್ಲ, ನಾಚಿಕೆ ಆಗಲ್ವಾ? ಶ್ರೀಮಂತರ ಐವತ್ತು ದಾಟಿದ ಕಾರು ಪರಂಪರೆ, ಇಪ್ಪತ್ತು ದಾಟಿದ ಎಕ್ಸ್‌ಎಲ್ ಪೀಡೆ. ಬರೆದು ಬರೆದು ಸಾಕಾಗಿದೆ. ಮುಂದಿನ ವರ್ಷ ಇನ್ನೊಂದಿಷ್ಟು ಏರಿಸುತ್ತಾರೆ, ಆಗಲೂ ಯಾರೋ ಬರೆಯುತ್ತಾರೆ.

ಸರಿ, ಬೈಕು. ನಿಮಗೂ ಈ ಹುಚ್ಚು ಹತ್ತಿದ್ದರೆ ಒಂದು ಉಪಾಯ ಹೇಳುತ್ತೇನೆ. ಗುಜರಿ ಕಡೆ ತಲೆ ಹಾಕಬೇಡಿ. ಬೇರೆಯವನು ಕೈ ಸುಟ್ಟುಕೊಂಡು ಮುಗಿಸಿಟ್ಟ ಗಾಡಿ ಹುಡುಕಿ, ನಮ್ಮೂರಲ್ಲಿ ಬೇಕಾದಷ್ಟಿವೆ. ಹೋಗುವುದಾದರೆ ಜೂನ್ ತಿಂಗಳಲ್ಲಿ ಹೋಗಿ. ಮಕ್ಕಳ ಕಾಲೇಜು ಫೀಸು ಕಟ್ಟುವ ಕಾಲ, ಅದೂ ದಾವಣಗೆರೆಯ ಕಾಲೇಜು ಫೀಸು. ಬಿಲ್ಲಿನ ಕಂತೆ ತೋರಿಸಿ ಎರಡು ಲಕ್ಷ ಅಂತ ಶುರು ಮಾಡುತ್ತಾನೆ. ಬೈಕನ್ನು ಹೊಗಳಿ. ಕಂಪನಿ ಪೀಸುಗಳನ್ನು ಒಂದೊಂದಾಗಿ ಹೊಗಳಿ. ಆಮೇಲೆ ಮಗಳು ಯಾವ ಕಾಲೇಜು ಅಂತ ಕೇಳಿ. ತೊಂಬತ್ತು ಸಾವಿರಕ್ಕೆ ಬರುತ್ತಾನೆ. ನಮ್ಮವನ ಮಗಳದು ಈ ವರ್ಷ ಸೆಕೆಂಡ್ ಪಿಯುಸಿ, ನಾನು ಕಾಯ್ತಾ ಇದ್ದೀನಿ.